ಬದನೆಕಾಯಿ ಬಿಲ್ಡಿಂಗಿನ ಎಲಿವೇಶನ್

ನನಗೆ ತಲೆ ಎತ್ತಿಕೊಂಡು ನಡೆಯುವ ಕೆಟ್ಟ ಚಾಳಿಯಿದೆ. ಇದನ್ನು ಕೇಳಿ ನಾನೊಬ್ಬ ಮಹಾ ಸ್ವಾಭಿಮಾನಿ ಎಂದು ಯಾರೂ ತಪ್ಪು ತಿಳಿಯಬಾರದು. ಮಾತಿಗೆ ಇರುವ ಅರ್ಥ ಇಷ್ಟೇ. ರಸ್ತೆಯಲ್ಲಿ ಹೋಗುವಾಗ ನನ್ನ ಕಣ್ಣು ಅಂಗಡಿಗಳ ಬೋರ್ಡನ್ನು ದಾಟಿ ಮೊದಲನೆಯ ಮಹಡಿಯ ಕಿಟಕಿ, ಕಮಾನು, ಅದರ ಮೇಲಿನ ಗಾರೆಯ ಬಳ್ಳಿ, ಬಳ್ಳಿಯ ಮೇಲಿನ ಗಿಳಿ, ಹೀಗೆ ಮೇಲುಮೇಲಕ್ಕೆ ಹೋಗುತ್ತದೆ. ಕಾಲು ಅದರ ಪಾಡಿಗೆ ಅದು ಬೆಂಗಳೂರಿನ ಫುಟ್‌ಪಾತಿನ ಮೇಲಿರುತ್ತದೆ. ಈ ಎರಡು ಕೆಲಸವನ್ನೂ ಒಟ್ಟಿಗೆ ಮಾಡಲು ದೇವರು ಮನುಷ್ಯನಿಗೆ ಅನುಮತಿ ಕೊಟ್ಟಿಲ್ಲ. ಅವೆನ್ಯೂ ರಸ್ತೆಯಲ್ಲಿ ಒಂದು ಹಳೆಯ ಅಂಗಡಿಯ ನೆತ್ತಿಯ ಮೇಲಿದ್ದ ನವಿಲನ್ನು ನೋಡುತ್ತ ಚರಂಡಿಯ ಚಪ್ಪಡಿಗಳ ಸಂದಿಯಲ್ಲಿ ಕಾಲಿಟ್ಟು ಪಾದ ಉಳುಕಿಸಿಕೊಂಡೆ. ಮೂಳೆ ಡಾಕ್ಟರು, "ಎಲ್ಲಾರೂ ಮೊಬೈಲ್ ನೋಡ್ಕೊಂಡು ಬೀಳ್ತಾರೆ ಮೇಷ್ಟ್ರೇ, ನೀವೇನು ನೋಡ್ತಿದ್ರಿ?" ಎಂದು ಕೇಳಿದರು. "ನವಿಲು" ಎಂದೆ. ಅವರು ಚೀಟಿಯಲ್ಲಿ ಬಿ.ಪಿ. ಪರೀಕ್ಷೆಯನ್ನೂ ಸೇರಿಸಿದರು.

ಈಗ ಆ ಅಪಾಯ ಬಹಳ ಕಡಿಮೆಯಾಗಿದೆ. ಮೇಲೆ ನೋಡಲು ಏನೂ ಉಳಿದಿಲ್ಲ. ಚಾಮರಾಜಪೇಟೆಯಿಂದ ಮಲ್ಲೇಶ್ವರದವರೆಗೆ ಹಳೆಯ ಅಂಗಡಿ ಕಟ್ಟಡಗಳೆಲ್ಲ ಒಂದೊಂದಾಗಿ ಹೊಳೆಯುವ ಅಲ್ಯೂಮಿನಿಯಂ ಶೀಟಿನೊಳಗೆ ಸೇರಿಕೊಂಡಿವೆ. ಸಂಪಿಗೆ ರಸ್ತೆಯಲ್ಲಿ ನಿಂತು ನೋಡಿದರೆ ಯಾರೋ ದೊಡ್ಡ ದೊಡ್ಡ ಫ್ರಿಜ್ಜುಗಳನ್ನು ತಂದು ಸಾಲಾಗಿ ಇಳಿಸಿ ಹೋದ ಹಾಗಿದೆ. ಇದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ, ಬಾಯಿಗೆ ಬಂದಂತೆ ಬೈಯುತ್ತೇನೆ. ಆದರೆ ನಿಮ್ಮಲ್ಲಿ ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ. ಆ ಫ್ರಿಜ್ಜುಗಳಲ್ಲಿ ಒಂದು ನಮ್ಮದು. ಅದರ ಬಣ್ಣವನ್ನು ಆರಿಸಿದವನು ನಾನು.

ನಮ್ಮ ತಾತ ತರಕಾರಿ ಬೆಳೆಯುವವರು. ಈಗ ಮನೆಗಳಾಗಿರುವ ಜಾಗದಲ್ಲಿ ಆಗ ಅವರ ತೋಟವಿತ್ತಂತೆ. ಕುಕ್ಕೆ ಹೊತ್ತು ಮಾರುಕಟ್ಟೆಗೆ ಹೋಗಿ ಬಂದು, ಕೊನೆಗೆ ಚಾಮರಾಜಪೇಟೆಯ ಮುಖ್ಯ ರಸ್ತೆಯಲ್ಲಿ ತರಕಾರಿ ಬೀಜದ ಅಂಗಡಿ ಇಟ್ಟು, ಅದರ ಮೇಲೊಂದು ಮಹಡಿಯನ್ನೂ ಕಟ್ಟಿಸಿದರು. ಅಂಗಡಿ ಕಟ್ಟಿಸಿದವರೆಲ್ಲ ನೆತ್ತಿಯ ಮೇಲೆ ಎರಡು ಸಿಂಹ ಕೂರಿಸುತ್ತಿದ್ದ ಕಾಲ ಅದು. ಗಾರೆ ಮೇಸ್ತ್ರಿ, "ಸಿಂಹ ಕೂತಿರೋದು ಹಾಕ್ಲೋ ನಿಂತಿರೋದು ಹಾಕ್ಲೋ?" ಎಂದು ಕೇಳಿದಾಗ ತಾತ, "ಸಿಂಹ ಯಾವತ್ತಪ್ಪಾ ನಮಗೆ ಅನ್ನ ಹಾಕಿತ್ತು? ಬದನೆಕಾಯಿ ಹಾಕು" ಎಂದರಂತೆ. ಹಾಗಾಗಿ ನಮ್ಮ ಕಟ್ಟಡದ ಮೇಲೆ ಎರಡು ಕಡೆ ಎರಡು ಬದನೆಕಾಯಿ, ನಡುವೆ ಕುಂಬಳಕಾಯಿ, ಕಿಟಕಿಗಳ ಸುತ್ತ ಹೀರೆ, ಹಾಗಲ, ಸೋರೆಯ ಬಳ್ಳಿಗಳು ಬಂದವು. ಹುಟ್ಟಿದಾಗಿನಿಂದ ಸಿಂಹವನ್ನೇ ಮಾಡಿದ್ದ ಮೇಸ್ತ್ರಿಯ ಕೈ ಅಷ್ಟು ಸುಲಭವಾಗಿ ಬದಲಾಗಲಿಲ್ಲ. ಬದನೆಕಾಯಿಯ ತೊಟ್ಟಿನ ಸುತ್ತ ಒಂದಿಷ್ಟು ಸಿಂಹದ ಕೇಸರ ಬಂದುಬಿಟ್ಟಿತು. ಹಾಗಲಕಾಯಿ ಮೊಸಳೆಯ ಮರಿಯಂತಿತ್ತು. ಕುಂಬಳಕಾಯಿಯೊಂದು ಮಾತ್ರ ಊಟ ಮುಗಿಸಿ ಕೂತ ಯಜಮಾನನ ಹಾಗೆ ನೆಮ್ಮದಿಯಾಗಿತ್ತು. ಬಸ್ ಕಂಡಕ್ಟರುಗಳು, "ಯಾರ್ರೀ ಬದ್ನೆಕಾಯಿ ಬಿಲ್ಡಿಂಗು, ಮುಂದೆ ಬನ್ನಿ" ಎಂದು ಕೂಗುತ್ತಿದ್ದರು. ಸ್ಕೂಲಿನಲ್ಲಿ ನನ್ನ ಗೆಳೆಯರು ನನ್ನನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಅಪ್ಪನ ನಂತರ ಕಟ್ಟಡ ನನಗೂ ನನ್ನ ಅಕ್ಕ ಜಯಮ್ಮನಿಗೂ ಬಂತು. ಮದುವೆಯಾದ ಸ್ವಲ್ಪ ಕಾಲದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಜಯಕ್ಕ ಬೀಜದ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತಳು. ಕೂತವಳು ನಲವತ್ತು ವರ್ಷ ಏಳಲಿಲ್ಲ. ಮೇಲಿನ ಮಹಡಿಯ ಒಂದು ಕೋಣೆಯಲ್ಲಿ ಬೀಜದ ಮೂಟೆ, ಇನ್ನೊಂದರಲ್ಲಿ ಅವಳ ವಾಸ. ನಾನು ಬಸವನಗುಡಿಯಲ್ಲಿ ಮನೆ ಮಾಡಿಕೊಂಡು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾದೆ. ಕಟ್ಟಡವನ್ನು ನಾವಿಬ್ಬರೂ ಹಂಚಿಕೊಂಡಿದ್ದು ಹೀಗೆ: ಅವಳು ಅದರೊಳಗೆ ಇದ್ದಳು, ನಾನು ಅದನ್ನು ಎದುರಿನ ಫುಟ್‌ಪಾತಿನಿಂದ ನೋಡುತ್ತಿದ್ದೆ.

ಬರೇ ನೋಡುತ್ತಿದ್ದೆ ಎಂದರೆ ಸುಳ್ಳಾಗುತ್ತದೆ, ಭಾಷಣವನ್ನೂ ಮಾಡುತ್ತಿದ್ದೆ. ಶನಿವಾರಗಳಲ್ಲಿ ನಮ್ಮ ಸ್ಕೂಲಿನ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಬಂದು ರಸ್ತೆಯ ಆಚೆ ಬದಿಯಲ್ಲಿ ಕೂರಿಸಿ, ಬಳ್ಳಿಯ ಬಳುಕು ನೋಡಿ, ಕಮಾನಿನ ಅಳತೆ ನೋಡಿ ಎಂದು ಚಿತ್ರ ಬರೆಸುತ್ತಿದ್ದೆ. ಒಂದು ಸಲ ಜಯಕ್ಕ ಅಂಗಡಿಯೊಳಗಿನಿಂದಲೇ, "ಏನೋ ಅದು, ಅಷ್ಟೊಂದು ಮಕ್ಳು ನನ್ನೇ ಗುರಾಯಿಸ್ತಿದಾವೆ? ನನ್ ಚಿತ್ರ ಬರೆಸ್ತಿದೀಯಾ?" ಎಂದು ಕೂಗಿದಳು. "ನಿಂದಲ್ಲಕ್ಕಾ, ಮೇಲಿಂದು" ಎಂದೆ. ಅವಳು, "ಮೇಲೆ ಸೋರ್ತಿದೆ, ಅದನ್ನೂ ಬರೆಸು" ಎಂದಳು. ಮಕ್ಕಳು ನಕ್ಕವು. ನಾನೂ ನಕ್ಕೆ. ಅದು ತಮಾಷೆಯ ಮಾತಲ್ಲ ಎಂದು ಹೊಳೆಯುವಷ್ಟು ಬುದ್ಧಿ ನನಗಿರಲಿಲ್ಲ.

ಕುಂಬಳಕಾಯಿಯ ಹಿಂದೆ ಒಂದು ಬಿರುಕು ಬಿಟ್ಟಿತ್ತು. ಅದರಲ್ಲಿ ಅರಳಿ ಗಿಡ ಹುಟ್ಟಿಕೊಂಡು ಬೇರು ಇಳಿಬಿಟ್ಟಿತ್ತು. ನೀರು ಬೇರಿನ ದಾರಿ ಹಿಡಿದು ಸೀದಾ ಜಯಕ್ಕನ ಮಂಚದ ಬಳಿಗೆ ಬರುತ್ತಿತ್ತು. "ಒಬ್ಬ ಮೇಸ್ತ್ರಿನ ಕರ್ಕೊಂಬಂದು ಒಂದ್ ಬಾಂಡ್ಲಿ ಸಿಮೆಂಟ್ ಮೆತ್ತಿಸೋ" ಎಂದಳು. ಸಿಮೆಂಟ್! ನಾನು ಕಿವಿ ಮುಚ್ಚಿಕೊಂಡೆ. ಸುಣ್ಣದ ಗಾರೆಯ ಮೇಲೆ ಸಿಮೆಂಟ್ ಹಾಕಿದರೆ ಒಳಗಿನ ತೇವ ಹೊರಗೆ ಬರಲಾರದೆ ಗೋಡೆಯೇ ಕೊಳೆಯುತ್ತದೆ, ಆದ್ದರಿಂದ ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ಸೇರಿಸಿ ಅರೆದ ಗಾರೆಯೇ ಆಗಬೇಕು ಎಂದು ಅವಳಿಗೆ ಅರ್ಧ ಗಂಟೆ ವಿವರಿಸಿದೆ. ಈಗಲೂ ಹೇಳುತ್ತೇನೆ, ನಾನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಜೀವನದಲ್ಲಿ ನಾನು ಮಾಡಿದ ದೊಡ್ಡ ದೊಡ್ಡ ಅನಾಹುತಗಳೆಲ್ಲ ಒಂದಕ್ಷರವೂ ತಪ್ಪಿಲ್ಲದ ಮಾತುಗಳಿಂದಲೇ ಆಗಿವೆ.

ಆಮೇಲೆ ಗಾರೆಯವರನ್ನು ಹುಡುಕಲು ಹೊರಟೆ. ಉಪ್ಪಾರರೆಂದರೆ ಗಾರೆ ಕೆಲಸದವರಲ್ಲವೇ ಎಂದು ಹೆಸರನ್ನು ನಂಬಿ ಉಪ್ಪಾರಪೇಟೆಗೆ ಹೋದೆ. ಅಲ್ಲಿ ಇದ್ದದ್ದು ಲಾಡ್ಜುಗಳು. ಒಂದರ ಬಾಗಿಲಲ್ಲಿ ನಿಂತು ವಿಚಾರಿಸಿದಾಗ ಮೇಜಿನ ಹಿಂದಿದ್ದವನು ತಲೆಯನ್ನೂ ಎತ್ತದೆ, "ಎಷ್ಟ್ ಜನ ಸಾರ್? ಡಬಲ್ ರೂಮ್ ಖಾಲಿ ಇದೆ" ಎಂದ. ಹೀಗೆ ಅಲೆದು ಅಲೆದು ಕೊನೆಗೆ ಎಂಬತ್ತು ದಾಟಿದ ಒಬ್ಬ ಮೇಸ್ತ್ರಿ ಸಿಕ್ಕರು. ಬಂದು ಎದುರಿನ ಫುಟ್‌ಪಾತಿನಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. "ಒಳ್ಳೇ ಕೈ ಸ್ವಾಮಿ. ನಂಗೆ ಹತ್ತಕ್ಕಾಗಲ್ಲ. ಯಾರಾದ್ರೂ ಹತ್ತೋರ್ನ ಕರ್ಕೊಂಬನ್ನಿ, ಕೆಳಗ್ ಕೂತ್ಕೊಂಡು ನಾನ್ ಹೇಳ್ತೀನಿ" ಎಂದರು. "ನೋಡೋಣ" ಎಂದೆ. ನೋಡುತ್ತಲೇ ಇದ್ದೆ. ಎರಡು ಮಳೆಗಾಲ ಹೋದವು. ಮೂರನೆಯದು ಬರುವ ಮೊದಲು, ಹತ್ತುವವನೊಬ್ಬ ಸಿಕ್ಕನೆಂದು ಸಂಭ್ರಮದಿಂದ ಮೇಸ್ತ್ರಿಯ ಮನೆಗೆ ಹೋದರೆ ಬಾಗಿಲ ಮೇಲೆ ಅವರ ಫೋಟೋ ಇತ್ತು, ಫೋಟೋಗೆ ಹಾರವಿತ್ತು.

ಆ ಮಳೆಗಾಲದಲ್ಲೇ ಹೀರೆಕಾಯಿ ಬಿತ್ತು. ಅಂಗಡಿಯ ಮುಂದೆ ಹೂವು ಮಾರುವ ಮುನಿಯಮ್ಮನ ಬುಟ್ಟಿಗೂ ಅವಳ ಮೊಣಕಾಲಿಗೂ ನಡುವಿನ ಗೇಣು ಜಾಗದಲ್ಲಿ ಬಿದ್ದು ಪುಡಿಯಾಯಿತು. ಜಯಕ್ಕ ಫೋನ್ ಮಾಡಿದಳು. ನಾನು ಆಟೋ ಹಿಡಿದು ಓಡಿದೆ. ಮುನಿಯಮ್ಮ ಗೋಡೆಗೊರಗಿ ನೀರು ಕುಡಿಯುತ್ತಿದ್ದಳು. ಆಟೋದಿಂದ ಇಳಿದವನೇ ನಾನು ಆಡಿದ ಮೊದಲ ಮಾತು, "ಬಿದ್ದಿದ್ದು ಎಡಗಡೇದಾ ಬಲಗಡೇದಾ?" ಎಂಬುದು. ಜಯಕ್ಕ ನನ್ನ ಮುಖವನ್ನೇ ನೋಡಿದಳು. ಅವಳು ಏನಾದರೂ ಅಂದಿದ್ದರೆ ನಾನು ಎದುರು ಮಾತಾಡಬಹುದಿತ್ತು. ಮುನಿಯಮ್ಮನೇ ಪಾಪ, "ಬಲಗಡೇದು ಸಾರ್" ಎಂದಳು.

ಅದಾದ ಮೇಲೆ ಜಯಕ್ಕನ ಮಂಡಿಯೂ ಕೈಕೊಟ್ಟಿತು. ಮಹಡಿ ಹತ್ತುವುದಾಗಲಿಲ್ಲ. ಬೀಜದ ವ್ಯಾಪಾರವೂ ಮೊದಲಿನ ಹಾಗಿರಲಿಲ್ಲ. ಒಂದು ದಿನ ನನ್ನನ್ನು ಕರೆಸಿ ಅಂಗಡಿ ಮುಚ್ಚುವುದಾಗಿಯೂ, ಇಡೀ ಕಟ್ಟಡವನ್ನು ಒಬ್ಬ ಮಾಡ್ಯುಲರ್ ಕಿಚನ್ ಶೋರೂಮಿನವನಿಗೆ ಬಾಡಿಗೆಗೆ ಕೊಡುವುದಾಗಿಯೂ ಹೇಳಿದಳು. ಅವಳ ಪಕ್ಕದಲ್ಲಿ ಆಗಲೇ ಒಬ್ಬ ಕಂಟ್ರಾಕ್ಟರ್ ಕೂತಿದ್ದ. ಮಂಜುನಾಥ ಎಂದು ಹೆಸರು, ಬಹಳ ನಯವಾದ ಮನುಷ್ಯ. "ಸಾರ್, ಬಿಲ್ಡಿಂಗು ತುಂಬಾ ಓಲ್ಡ್ ಲುಕ್ ಹೊಡೀತಿದೆ. ಮುಂದೆ ಒಂದು ಎಲಿವೇಶನ್ ಕೊಟ್ಬಿಟ್ರೆ ಫ್ರೆಶ್ಶಾಗಿ ನಿಂತ್ಕೊಳ್ಳತ್ತೆ" ಎಂದ. ನಾನು ಮೂವತ್ತು ವರ್ಷ ಮಕ್ಕಳಿಗೆ, ಒಂದು ವಸ್ತು ಎದುರಿನಿಂದ ಹೇಗೆ ಕಾಣುತ್ತದೋ ಅದನ್ನು ಹಾಗೆಯೇ ಬರೆದರೆ ಅದಕ್ಕೆ ಎಲಿವೇಶನ್ ಎನ್ನುತ್ತಾರೆ ಎಂದು ಪಾಠ ಹೇಳಿದ್ದೆ. ಈಗ ವಸ್ತು ಕಾಣದ ಹಾಗೆ ಅಡ್ಡ ಇಡುವುದಕ್ಕೂ ಅದೇ ಹೆಸರೆಂದು ತಿಳಿಯಿತು. ಅವನು ಫೋನಿನಲ್ಲಿ ಚಿತ್ರ ತೋರಿಸಿದ. ನಮ್ಮ ಕಟ್ಟಡದ ಜಾಗದಲ್ಲಿ ಹೊಳೆಯುವ ಡಬ್ಬಿ. ಮೇಲೆ ನೀಲಿ ಆಕಾಶ, ಒಂದು ವೈರಿಲ್ಲ. ಕೆಳಗೆ ಮುನಿಯಮ್ಮನ ಬದಲು ನಾಯಿ ಹಿಡಿದುಕೊಂಡು ಹೋಗುತ್ತಿರುವ ಒಬ್ಬ ಬಿಳಿಯ ಹೆಂಗಸು. "ಇವರು ಯಾರು?" ಎಂದೆ. "ಅದು ಸಾಫ್ಟ್‌ವೇರಲ್ಲೇ ಬರತ್ತೆ ಸಾರ್" ಎಂದ.

ಅವನು ಹೋದ ಮೇಲೆ ನಾನು ಕೂಗಾಡಿದೆ. ತಾತನ ಹೆಸರು ತೆಗೆದೆ. ಪರಂಪರೆ ಎಂದೆ. ಊರಿನ ನೆನಪು ಎಂದೆ. ಜಯಕ್ಕ ಬೀಜದ ಡಬ್ಬಗಳ ಚೀಟಿ ಕೀಳುತ್ತ ಕೇಳಿಸಿಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು:

"ಆಯ್ತೇನೋ? ಈಗ ನಾನ್ ಹೇಳ್ಲಾ? ನಿಂಗೆ ಅದು ನೋಡೋಕೆ ಚೆಂದ. ನೋಡ್ಕೊಂಡು ಮನೇಗ್ ಹೋಗ್ತೀಯ. ನಾನು ಮಳೆ ಬಂದಾಗೆಲ್ಲ ಮಂಚ ಎಳ್ಕೊಂಡು ಕೋಣೆ ಸುತ್ತಿದೀನಿ. ಸಿಮೆಂಟ್ ಬೇಡ ಅಂದೆ. ಸರಿ, ಬಿಟ್ಟೆ. ಸುಣ್ಣದವ್ರನ್ನ ಕರ್ಕೊಂಬಂದ್ಯಾ? ಇಲ್ಲ. ಅದು ಹಾಳಾಗ್ಬಾರ್ದು ಅಂತಲೇ ನೀನು ಅದನ್ನ ಹಾಳ್ ಮಾಡ್ದೆ ಕಣೋ. ನಿಜ ಹೇಳು, ಒಂದಿನ, ಒಂದೇ ಒಂದಿನ, ‘ಅಕ್ಕಾ, ಸೋರ್ತಿದ್ರೆ ನಮ್ಮನೇಗ್ ಬಂದ್ಬಿಡು’ ಅಂತ ಅಂದಿದೀಯಾ?"

ನಾನು ಅಂದಿರಲಿಲ್ಲ. ಮನೆಗೆ ಬಂದು ಹೆಂಡತಿಯ ಮುಂದೆ ಅಕ್ಕನ ಮೇಲೆ ದೂರು ಹೇಳಿದೆ. ಅವಳು ಕೇಳಿದ್ದು, "ಮುಂದಿನ ಕೋಣೆಲಿ ನಿಮ್ಮ ಡ್ರಾಯಿಂಗ್ ಬೋರ್ಡ್ ತೆಗೆದ್ರೆ ಅವರಿಗೆ ಮಂಚ ಹಿಡಿಸತ್ತಲ್ವಾ?" ಎಂದಷ್ಟೇ. ಮರುದಿನವೇ ಬೋರ್ಡು ಅಟ್ಟಕ್ಕೆ ಹೋಯಿತು, ಜಯಕ್ಕ ನಮ್ಮ ಮನೆಗೆ ಬಂದಳು.

ಸೋತವನಿಗೂ ಏನಾದರೊಂದು ಗೆಲುವು ಬೇಕಲ್ಲ. ನಾನು ಮಂಜುನಾಥನ ಹತ್ತಿರ ಹಟ ಹಿಡಿದು ಒಂದು ಷರತ್ತು ಹಾಕಿದೆ: ಗಾರೆಯ ಕೆಲಸವನ್ನು ಒಡೆಯಕೂಡದು, ಮುಚ್ಚಬಹುದು ಅಷ್ಟೇ. "ಅಯ್ಯೋ, ಒಳಗಡೆ ಹಾಗೇ ಸೇಫಾಗಿರತ್ತೆ ಸಾರ್, ನೂರು ವರ್ಷ ಏನೂ ಆಗಲ್ಲ" ಎಂದ. ನೂರು ವರ್ಷದ ಮೇಲೆ ಯಾರೋ ಬಂದು ಶೀಟು ತೆಗೆದು, ಬದನೆಕಾಯಿಯನ್ನು ಕಂಡು, ಇದನ್ನು ಉಳಿಸಿದ ಪುಣ್ಯಾತ್ಮ ಯಾರು ಎಂದು ಕೇಳುವ ದೃಶ್ಯವನ್ನು ನೆನೆದು ನಾನು ಸಮಾಧಾನಪಟ್ಟುಕೊಂಡೆ.

ಬಣ್ಣದ ವಿಷಯ ಬಂದದ್ದು ಆಗ. ಶೋರೂಮಿನವನಿಗೆ ಕಿತ್ತಳೆ ಮತ್ತು ಗಿಳಿಹಸಿರು ಬೇಕಿತ್ತು. ಜಯಕ್ಕ, "ನಮ್ಮ ತಮ್ಮ ಡ್ರಾಯಿಂಗ್ ಮೇಷ್ಟ್ರು, ಬಣ್ಣ ಅವನೇ ಹೇಳ್ಲಿ" ಎಂದುಬಿಟ್ಟಳು. ಅವಳು ಅದನ್ನು ಚುಚ್ಚಲು ಹೇಳಿದಳೋ ಸಮಾಧಾನ ಮಾಡಲು ಹೇಳಿದಳೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ನನಗೆ ಈ ಇಡೀ ವ್ಯವಹಾರವೇ ಬೇಡ ಎಂದು ಮಂಜುನಾಥ ಕೊಟ್ಟ ಶೇಡ್ ಕಾರ್ಡಿನ ಪುಸ್ತಕವನ್ನು ಅವರ ಮುಖದ ಮೇಲೆ ಎಸೆಯಬೇಕಿತ್ತು. ಬದಲಿಗೆ ಅದನ್ನು ಮನೆಗೆ ತಂದೆ. ಬೆಳಗಿನ ಬಿಸಿಲಲ್ಲಿ ಇಟ್ಟು ನೋಡಿದೆ, ಸಂಜೆಯ ಬಿಸಿಲಲ್ಲಿ ಇಟ್ಟು ನೋಡಿದೆ. ಬೂದಿಯಲ್ಲೇ ಒಂಬತ್ತು ಬಗೆಯಿದ್ದವು. ಕಿತ್ತಳೆ ಬೇಡವೆಂದು ಶೋರೂಮಿನವನ ಜೊತೆ ಮೂರು ಸಲ ಜಗಳವಾಡಿದೆ, ಒಂದು ಸಲ ಎದ್ದು ಹೊರಟೇಹೋದೆ, ಅವನೇ ಹಿಂದೆ ಬಂದು ಒಪ್ಪಿಕೊಂಡ. ಗೆದ್ದ ಖುಷಿಯಲ್ಲಿ ಮನೆಗೆ ನಡೆದು ಬರುವಾಗ ದಾರಿಯಲ್ಲಿ ತಟ್ಟನೆ ಹೊಳೆಯಿತು: ಈ ಹುರುಪಿನಲ್ಲಿ ಕಾಲು ಭಾಗವನ್ನು ಆ ಗಾರೆ ಮೇಸ್ತ್ರಿ ಬದುಕಿದ್ದಾಗ ತೋರಿಸಿದ್ದರೆ ಶೀಟೂ ಬೇಕಿರಲಿಲ್ಲ, ಶೀಟಿನ ಬಣ್ಣವೂ ಬೇಕಿರಲಿಲ್ಲ.

ಕೆಲಸ ಶುರುವಾದ ದಿನ ಕೊಡೆ ಹಿಡಿದು ಕೆಳಗೆ ನಿಂತೆ. ಸಾರವೆ ಕಟ್ಟಿ ಕಬ್ಬಿಣದ ಚೌಕಟ್ಟು ಕೂರಿಸಲು ಗೋಡೆಗೆ ಬೋಲ್ಟು ಹೊಡೆಯಬೇಕಿತ್ತು. ಡ್ರಿಲ್ಲಿನ ಮೊನೆ ಬದನೆಕಾಯಿಯ ಹೊಟ್ಟೆಗೆ ಗುರಿಯಿಟ್ಟದ್ದು ಕಂಡು ನಾನು ಕೆಳಗಿನಿಂದ ಬಾಯಿ ಬಡಿದುಕೊಂಡೆ. ಮೇಲಿದ್ದವನು ಒಳ್ಳೆಯ ಮನುಷ್ಯ. ನನ್ನ ಮಾತಿಗೆ ಬೆಲೆ ಕೊಟ್ಟು ಮೊನೆಯನ್ನು ಒಂದು ಮೊಳ ಪಕ್ಕಕ್ಕೆ ಸರಿಸಿದ. ಅಲ್ಲಿ ಕುಂಬಳಕಾಯಿಯಿತ್ತು. ಯಜಮಾನನ ಹಾಗೆ ಕೂತಿದ್ದದ್ದು ನಾಲ್ಕು ತುಂಡಾಗಿ ಕೆಳಗೆ ಬಂತು. ಮಂಜುನಾಥ ನನ್ನ ಬೆನ್ನ ಮೇಲೆ ಕೈಯಿಟ್ಟು, "ಕಾಣಲ್ಲ ಬಿಡಿ ಸಾರ್, ಹೆಂಗಿದ್ರೂ ಮುಚ್ತೀವಲ್ಲ" ಎಂದ.

ಕೊನೆಯ ಶೀಟುಗಳನ್ನು ಹಾಕುವ ದಿನ ಜಯಕ್ಕ ತಾನೂ ಬರುತ್ತೇನೆಂದಳು. ಆಟೋದವನಿಗೆ ಎದುರು ಬದಿಯಲ್ಲೇ ನಿಲ್ಲಿಸಬೇಕಾಯಿತು. ಕೋಲೂರಿಕೊಂಡು ಇಳಿದು, ಸೆರಗು ಸರಿಮಾಡಿಕೊಂಡು, ತಲೆ ಎತ್ತಿ ನೋಡಿದಳು. ಕಟ್ಟಡದ ಮುಕ್ಕಾಲು ಭಾಗ ಬೂದಿ ಬಣ್ಣದ ಹಿಂದೆ ಹೋಗಿತ್ತು. ಎಡಗಡೆಯ ಒಂದು ಕಿಟಕಿ, ಅದರ ಸುತ್ತ ಒಂದು ಬಳ್ಳಿ ಮಾತ್ರ ಉಳಿದಿತ್ತು. "ತಾಳ್ರಪ್ಪಾ ಸ್ವಲ್ಪ" ಎಂದು ಕೈಯೆತ್ತಿದಳು. ಸಾರವೆಯ ಮೇಲಿದ್ದವರು ನಿಂತರು.

"ಅದು ಸೋರೆಕಾಯಿ ಅಲ್ವೇನೋ?"

"ಹೌದಕ್ಕಾ."

"ಅದರ ಪಕ್ಕ ಹೂವಿದೆ."

"ಹೂಂ. ಸೋರೆ ಹೂವು. ಐದು ಎಸಳು."

"ಅದು ನಾನ್ ಮಲಗ್ತಿದ್ ಕೋಣೆ ಕಿಟಕಿ" ಎಂದಳು ಜಯಕ್ಕ. ಕೋಲನ್ನು ಇನ್ನೊಂದು ಕೈಗೆ ಬದಲಿಸಿ, "ಇಲ್ಲಿಂದ ನಾನು ನೋಡೇ ಇರ್ಲಿಲ್ಲ ಕಣೋ. ಗಲ್ಲಾ ಬಿಟ್ಟು ಈ ಕಡೆ ದಾಟಿ ನಿಂತ್ಕೊಳ್ಳೋಕೆ ಪುರುಸೊತ್ತೆಲ್ಲಿತ್ತು?" ಎಂದಳು. ನಾನು ಆಸೆಯಿಂದ, "ಇಷ್ಟನ್ನಾದ್ರೂ ಮುಚ್ಚದೆ ಬಿಡಿಸೋಣ್ವಾ ಅಕ್ಕಾ? ಈಗ್ಲೂ ಹೇಳ್ಬೋದು" ಎಂದೆ. ಅವಳು ಇನ್ನೊಂದು ಸಲ ನೋಡಿದಳು. "ಬೇಡ. ಒಂದು ಕಣ್ ಮಾತ್ರ ಬಿಟ್ಕೊಂಡು ಮುಸುಕು ಹಾಕ್ದಂಗಿರತ್ತೆ. ಮುಚ್ರಪ್ಪಾ" ಎಂದು ಅವಳೇ ಕೂಗಿ ಹೇಳಿ, ಆಟೋ ಹತ್ತಿ ಕೂತಳು. ಬಸವನಗುಡಿ ಹತ್ತಿರ ಬಂದಾಗ ಹನಿ ಶುರುವಾಯಿತು. ಮರುದಿನ ಕಾಫಿ ಕುಡಿಯುವಾಗ ಅವಳು ನನ್ನ ಹೆಂಡತಿಗೆ, "ಮಳೆ ಬಂದ್ರೂ ಪೂರ್ತಿ ನಿದ್ದೆ ಮಾಡ್ದೆ ಕಣಮ್ಮ" ಎಂದದ್ದು ಕೇಳಿಸಿತು. ನನಗೆ ಪತ್ರಿಕೆಯಲ್ಲಿ ಓದುವಂಥದ್ದು ಏನೋ ಸಿಕ್ಕಿತು.

ಶೋರೂಮ್ ತೆರೆದರು. ಬೂದಿ ಬಣ್ಣ ತೀರಾ ಬೋಳಾಗಿ ಕಾಣುತ್ತದೆಂದು ಶೋರೂಮಿನವನು ನನ್ನನ್ನು ಕೇಳದೆ ಅದರ ಮೇಲೆ ಒಂದು ಮಹಡಿಯಷ್ಟೆತ್ತರದ ಚಿತ್ರ ಅಂಟಿಸಿದ. ಅಡಿಗೆಮನೆ ಎಂದರೆ ತರಕಾರಿ ಇರಬೇಕಲ್ಲ. ಕೆಂಪು, ಹಳದಿ ದೊಣ್ಣೆಮೆಣಸಿನಕಾಯಿಗಳು, ಪಕ್ಕದಲ್ಲಿ ತಾತ ಜನ್ಮದಲ್ಲಿ ಕಂಡಿರದ ಬ್ರೊಕೊಲಿ, ಎಲ್ಲದರ ಮೇಲೂ ನೀರಿನ ಹನಿ. ಅದರ ಗೇಣು ಹಿಂದೆ ಕತ್ತಲಲ್ಲಿ ನಮ್ಮ ಬದನೆಕಾಯಿಗಳಿವೆ. ಮುನಿಯಮ್ಮನನ್ನು ಪಾರ್ಕಿಂಗಿಗೆ ಅಡ್ಡವೆಂದು ಅಲ್ಲಿಂದ ಎಬ್ಬಿಸಿದ್ದಾರೆ. ಈಗ ಮೂಲೆಯ ಟ್ರಾನ್ಸ್‌ಫಾರ್ಮರಿನ ಪಕ್ಕ ಕೂರುತ್ತಾಳೆ. ನಾನು ಹೋದಾಗ, "ಇಲ್ಲಿ ಮೇಲಿಂದ ಏನೂ ಬೀಳಲ್ಲ ಸಾರ್" ಎಂದು ನನಗೇ ಸಮಾಧಾನ ಹೇಳಿದಳು.

ಕಳೆದ ವಾರ ಅವಳ ಹತ್ತಿರ ಹೂವು ಕಟ್ಟಿಸಿಕೊಳ್ಳುತ್ತಿದ್ದಾಗ ಹಿಂದಿನಿಂದ ಯಾರೋ "ಮೇಷ್ಟ್ರೇ" ಎಂದರು. ನಾಲ್ಕು ಅಂಗಡಿ ಆಚೆಯ ಪಾತ್ರೆ ಅಂಗಡಿಯ ಶಿವಣ್ಣ. ಅವರ ಕಟ್ಟಡ ನಮ್ಮದಕ್ಕಿಂತ ಹಳೆಯದು. ಮೇಲೆ ನಾಲ್ಕು ದುಂಡು ಕಂಬ, ಕಂಬದ ತುದಿಯಲ್ಲಿ ಎಲೆಗಳ ಗೊಂಚಲು, ಕಮಾನಿನಲ್ಲಿ ಕೆಂಪು ಹಸಿರು ಗಾಜು. ಒಂದು ಎಲೆಯೂ ಉದುರಿಲ್ಲ. "ನಿಮ್ದು ನೋಡಿದ್ಮೇಲೆ ನಮ್ಮನೇಲೂ ಒಂದೇ ವರಾತ, ಎಲಿವೇಶನ್ ಮಾಡ್ಸಿ ಅಂತ. ಬಣ್ಣ ನೀವೇ ಆರಿಸಿದ್ದಂತೆ? ಬಾಳ ಡೀಸೆಂಟಾಗಿದೆ. ನಮ್ದಕ್ಕೂ ಒಂಚೂರು ನೋಡಿ ಹೇಳಿ, ಬನ್ನಿ" ಎಂದರು.

ಮೂವತ್ತು ವರ್ಷದಿಂದ ಅಭ್ಯಾಸ ಮಾಡಿದ ಭಾಷಣ ನನ್ನ ಗಂಟಲಲ್ಲೇ ಇತ್ತು. ಶಿವಣ್ಣ ನನ್ನ ಮಾತು ಕೇಳುವ ಮನುಷ್ಯ, ಬೇಡವೆಂದಿದ್ದರೆ ಬಿಟ್ಟರೂ ಬಿಡುತ್ತಿದ್ದರು. ನಾನು ರಸ್ತೆ ದಾಟಿ ಎದುರು ಬದಿಗೆ ಹೋಗಿ, ತಲೆ ಎತ್ತಿ, ಆ ಕಂಬಗಳನ್ನೂ ಗಾಜನ್ನೂ ಬಹಳ ಹೊತ್ತು ನೋಡಿದೆ. ಜೊತೆಗೆ ಬಂದಿದ್ದ ಶಿವಣ್ಣ ಗುರುಗಳ ಮುಂದೆ ನಿಂತವರ ಹಾಗೆ ಕೈಕಟ್ಟಿಕೊಂಡು ಕಾಯುತ್ತಿದ್ದರು. ನನ್ನ ಆಯ್ಕೆಯನ್ನು ಒಬ್ಬರು ಡೀಸೆಂಟು ಎಂದು ಎಷ್ಟು ಕಾಲವಾಗಿತ್ತು!

"ಬಿಸಿಲು ಎಷ್ಟ್ ಹೊತ್ತಿಗೆ ಬೀಳತ್ತೆ?" ಎಂದು ಕೇಳಿದೆ.

"ಮಧ್ಯಾಹ್ನದ ಮೇಲೆ."

"ಹಾಗಾದ್ರೆ ತೀರಾ ಗಾಢ ಬೇಡ ಶಿವಣ್ಣ. ಶೇಡ್ ಕಾರ್ಡ್ ಇದ್ಯಾ?"

ಇತ್ತು. ಅಂಗಡಿಯೊಳಗೆ ಕೊಳಗ, ಕೊಪ್ಪರಿಗೆಗಳ ನಡುವೆ ನನಗೊಂದು ಕುರ್ಚಿ ಹಾಕಿಸಿ ಕಾಫಿ ತರಿಸಿದರು. ಕಾಫಿ ಬಹಳ ಚೆನ್ನಾಗಿತ್ತು. ಎರಡನೆಯ ಲೋಟವನ್ನು ನಾನೇ ಕೇಳಿ ತರಿಸಿಕೊಂಡೆ.